ಬಯಲು ಕ್ಲಾಸಿಗೊಂದು ಬಾಗಿಲು

ಗೆರೆಯಪ್ಪ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ. ಕಟ್ಟಡ ಪರವಾನಗಿ ಕಚೇರಿಯಲ್ಲಿ ನಕ್ಷೆ ಬರೆಯೋ ಕೆಲಸಕ್ಕೆ ಸೇರಿದ ವರ್ಷವೇ ಅಲ್ಲಿನ ಜವಾನ ಇಟ್ಟ ಅಡ್ಡಹೆಸರು. ಅದು ಎಂಥಾ ಗೋಂದು ಹಚ್ಚಿಕೊಂಡು ಅಂಟಿತೋ ಏನೋ, ಈಗ ಹೆತ್ತ ತಾಯಿಯೂ ಸಿಟ್ಟು ಬಂದರೆ ಹಾಗೇ ಕರೆಯುತ್ತಿದ್ದಳು. ಅವನು ಎಳೆದ ಗೆರೆ ಎಲ್ಲಿ ಶುರುವಾಗುತ್ತಿತ್ತೋ ಸುತ್ತಿ ಬಂದು ಅಲ್ಲಿಗೇ ಮುಟ್ಟಬೇಕು. ಬಾಯಿ ಬಿಟ್ಟುಕೊಂಡ ಗೆರೆ ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮನೆಯಲ್ಲೂ ಅದೇ ರೋಗ. ಅರ್ಧ ತೆರೆದ ಕಪಾಟು, ಓರೆಯಾದ ಮುಚ್ಚಳ, ಗುಂಡಿ ಬಿಚ್ಚಿದ ಅಂಗಿ, ಕಂಡದ್ದನ್ನೆಲ್ಲ ಓಡಾಡುತ್ತಲೇ ಮುಚ್ಚಿಕೊಂಡು ಹೋಗುತ್ತಿದ್ದ.

"ನನ್ನ ಬಾಯಿ ಒಂದು ಇವನ ಕೈಗೆ ಸಿಕ್ಕಿಲ್ಲ, ಪುಣ್ಯ" ಅನ್ನುತ್ತಿದ್ದಳು ತಾಯಿ. ಸಿಗುವಂಥ ಬಾಯಿ ಅಲ್ಲ ಬಿಡಿ ಅದು.

ಹೆಂಡತಿ ಟೀಚರು. ನಾಲ್ಕನೇ ಕ್ಲಾಸಿನ ಮಕ್ಕಳ ಮುಂದೆ ವರ್ಷಗಟ್ಟಲೆ ಕೂಗಿ ಕೂಗಿ ಅವಳ ಗಂಟಲು ಸವೆದ ಚಪ್ಪಲಿಯ ಹಾಗಾಗಿತ್ತು. ಗಂಟಲಿನ ಡಾಕ್ಟರು ಒಂದು ಪುಟಾಣಿ ಕನ್ನಡಿ ಒಳಗಿಟ್ಟು ನೋಡಿ ಹೇಳಿದ್ದರು: "ಇನ್ನೊಂದು ವರ್ಷ ಹೀಗೇ ಕಿರುಚಿದ್ರೆ ದನಿ ಹೋಗೇ ಹೋಗುತ್ತೆ, ಮತ್ತೆ ಬರಲ್ಲ. ಕ್ಲಾಸಲ್ಲಿ ಮೆತ್ತಗೆ ಮಾತಾಡಿ. ಮನೇಲಿ ಮಾತಾಡಲೇಬೇಡಿ." ಅಂದಿನಿಂದ ಮನೆಯಲ್ಲಿ ಅವಳು ಒಂದು ಸ್ಲೇಟು, ಒಂದು ಬಳಪ ಇಟ್ಟುಕೊಂಡಳು. ಅಡುಗೆಮನೆ ಬಾಗಿಲಲ್ಲಿ ನಿಂತು "ಉಪ್ಪು ಕಮ್ಮಿ" ಅಂತ ಬರೆದು ಅತ್ತೆಗೆ ತೋರಿಸುತ್ತಿದ್ದಳು. ಇದರಿಂದ ಗೆರೆಯಪ್ಪನಿಗೆ ಒಂದೇ ತೊಂದರೆ ಆಗಿತ್ತು. ಹೆಂಡತಿ ಸುಮ್ಮನಿದ್ದರೆ ಅದು ಡಾಕ್ಟರ ಮಾತಿಗೋ, ತನ್ನ ಮೇಲಿನ ಸಿಟ್ಟಿಗೋ ಗೊತ್ತಾಗುತ್ತಿರಲಿಲ್ಲ.

ಕ್ಲಾಸಿನಲ್ಲಿ ಮೆತ್ತಗೆ ಮಾತಾಡಿ ಅಂತ ಡಾಕ್ಟರೇನೋ ಹೇಳಿಬಿಟ್ಟರು. ನಾಲ್ಕನೇ ಕ್ಲಾಸಿನ ಮುಂದೆ ಅವರೂ ಒಂದು ದಿನ ಮೆತ್ತಗೆ ಮಾತಾಡಿ ನೋಡಬೇಕಿತ್ತು. ಆದರೆ ಟೀಚರಮ್ಮನಿಗೆ ಅಂಥದ್ದೊಂದು ಜಾಗ ಇತ್ತು. ಶಾಲೆಯ ಹಿಂದೆ ಇಳಿಜಾರಿನಲ್ಲಿ, ಯಾವುದೋ ಕಾಲದ ಮೇಷ್ಟ್ರು ಮಕ್ಕಳನ್ನು ಕಟ್ಟಿಕೊಂಡು ಮಾಡಿದ ಬಯಲು ಕ್ಲಾಸು. ಚೌಕದ ಕಲ್ಲು ಹಾಸು, ಅದರ ಮೇಲೆ ಅರ್ಧಚಂದ್ರದ ಹಾಗೆ ಐದು ಮೆಟ್ಟಿಲು, ಕೆಳಗೆ ನಿಂತು ಪಾಠ ಹೇಳೋದಕ್ಕೆ ಒಂದು ಕಟ್ಟೆ, ತಲೆ ಮೇಲೆ ನಾಲ್ಕು ಕಂಬದ ತಗಡು. ಕಟ್ಟೆಯ ಬೆನ್ನಿಗೆ, ಹಾಸಿನ ಆಚೆ, ಒಂದು ಭಾರೀ ಬಂಡೆ. ಮಹಿಮೆ ಇದ್ದದ್ದು ಆ ಬಂಡೆಯಲ್ಲಿ. ಅದರ ಮುಂದೆ ನಿಂತು ಪಿಸುಗುಟ್ಟಿದರೂ ಸಾಕು, ಕೊನೇ ಮೆಟ್ಟಿಲಲ್ಲಿ ಕೂತು ಪೆನ್ಸಿಲು ಕಚ್ಚುತ್ತಿದ್ದ ಮಗುವಿಗೂ ಕಿವಿಯಲ್ಲೇ ಹೇಳಿದ ಹಾಗೆ ಕೇಳುತ್ತಿತ್ತು. ಟೀಚರಮ್ಮ ಇಡೀ ವರ್ಷ ಪಿಸುದನಿಯಲ್ಲೇ ಪಾಠ ಮಾಡಿದಳು. ಗಂಟಲು ಚಿಗುರುತ್ತಾ ಬಂತು.

ಅಷ್ಟರಲ್ಲಿ ಒಂದು ದಿನ ಬಿರುಗಾಳಿ ಬೀಸಿ ತಗಡು ಹಾರಿ ಆಚೆ ರಸ್ತೆಯಲ್ಲಿ ಬಿತ್ತು. ಒಂದು ಕಂಬ ಬಾಗಿತು, ಮೆಟ್ಟಿಲು ಸಡಿಲವಾದವು. ಹೆಡ್‌ಮಾಸ್ಟರು ದೂರದಿಂದಲೇ ನೋಡಿ ಕೈ ತೊಳೆದುಕೊಂಡರು.

"ಪರವಾನಗಿ ತಂದು ರಿಪೇರಿ ಆದ್ರೆ ಸರಿ. ರಜೆ ಮುಗಿಯೋದ್ರೊಳಗೆ ಆಗ್ಲಿಲ್ಲ ಅಂದ್ರೆ ಶಾಲೆ ಒಳಗಿನ ದೊಡ್ಡ ಹಾಲಿಗೆ ಬನ್ನಿ ಮೇಡಂ" ಅಂದರು.

ಆ ಹಾಲಿನಲ್ಲಿ ಎರಡು ಕ್ಲಾಸು. ನಡುವೆ ಗೋಡೆಯ ಬದಲು ಒಂದು ಬೀರು. ಅಲ್ಲಿ ಕಿರುಚದೇ ಇದ್ದರೆ ಆ ಕಡೆಯ ಮಗ್ಗಿಯೇ ಈ ಕಡೆಯ ಮಕ್ಕಳ ಬಾಯಿಗೂ ಬರುತ್ತಿತ್ತು.

"ನನ್ನ ಗಂಟಲು..." ಅಂದಳು ಟೀಚರಮ್ಮ.

"ಹಾಗಾದ್ರೆ ಉಗ್ರಾಣದ ಬೀಗದ ಕೈ ನೋಡ್ಕೊಳ್ಳಿ. ಅದಕ್ಕೆ ಗಂಟಲು ಬೇಡ" ಅಂದರು ಹೆಡ್‌ಮಾಸ್ಟರು. ಒಳ್ಳೇ ಮನಸ್ಸಿನಿಂದಲೇ ಅಂದರು ಪಾಪ. ಟೀಚರಮ್ಮ ಅವತ್ತು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಬೀಗದ ಕೈ ಹಿಡಿದು ಕುರ್ಚಿ ಲೆಕ್ಕ ಹಾಕೋದಕ್ಕಲ್ಲ ಅವಳು ಟೀಚರಾಗಿದ್ದು.

ಮರುದಿನವೇ ಅವಳು ಗಂಡನ ಕಚೇರಿಗೆ ಅರ್ಜಿ ಹಿಡಿದು ಹೋದಳು. ಗೆರೆಯಪ್ಪ ಒಳಗೆ ಮೂರನೇ ಮೇಜಿನಲ್ಲಿದ್ದ. ಸ್ವಂತ ಹೆಂಡತಿಯ ಅರ್ಜಿಗೆ ತಾನು ಕೈ ಹಾಕಿದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ ಅಂತ, ಒಂದು ದೊಡ್ಡ ಹಾಳೆ ಬಿಡಿಸಿ ಮುಖದ ಮುಂದೆ ಹಿಡಿದುಕೊಂಡ. ಹಾಳೆ ತಲೆಕೆಳಗಾಗಿತ್ತು.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿದಳು. "ಏನು ಕಟ್ತೀರಾ?"

"ಕಟ್ಟಲ್ಲ. ಇರೋದನ್ನೇ ರಿಪೇರಿ ಮಾಡ್ಬೇಕು. ಬಯಲು ಕ್ಲಾಸು."

"ಒಳಗಿದೆಯೋ, ಹೊರಗಿದೆಯೋ?"

"ಹೊರಗೆ."

"ಹೊರಗಿರೋದಕ್ಕೆ ನಮ್ಮಲ್ಲಿ ಪರವಾನಗಿ ಕೊಡಲ್ಲಮ್ಮ."

"ಹಾಗಾದ್ರೆ ಪರವಾನಗಿ ಇಲ್ಲದೇನೇ ಮಾಡ್ಕೊಳ್ಳಲಾ?"

"ಅಯ್ಯಯ್ಯೋ! ಪರವಾನಗಿ ಇಲ್ಲದೇ ಮಾಡಿದ್ರೆ ಕೆಡವಿಸಿಬಿಡ್ತೀವಿ."

ಅರ್ಜಿಯ ಜೊತೆ ಟೀಚರಮ್ಮ ತಾನೇ ಬರೆದ ಚಿತ್ರ ಇಟ್ಟಿದ್ದಳು. ಬಣ್ಣದ ಪೆನ್ಸಿಲಿನಲ್ಲಿ ಮೆಟ್ಟಿಲು, ಬಂಡೆ, ಮಕ್ಕಳು, ಮೂಲೆಯಲ್ಲಿ ನಗುವ ಸೂರ್ಯ. ಗುಮಾಸ್ತೆ ಬಹಳ ಹೊತ್ತು ನೋಡಿ, "ಈ ಸೂರ್ಯ ನಿಮ್ಮ ಶಾಲೆ ಜಾಗದಲ್ಲೇ ಬರುತ್ತಾ?" ಅಂತ ಕೇಳಿದಳು. ಕುಚೋದ್ಯಕ್ಕೆ ಕೇಳಿದಳೋ, ನಿಜವಾಗಿಯೇ ಕೇಳಿದಳೋ, ಆ ಕಚೇರಿಯಲ್ಲಿ ಹೇಳೋದು ಕಷ್ಟ.

ಗಲಾಟೆ ಕೇಳಿ ದೊಡ್ಡ ಸಾಹೇಬರೇ ಹೊರಗೆ ಬಂದರು. ಕೆಟ್ಟ ಮನುಷ್ಯ ಅಲ್ಲ. ಲಂಚ ಮುಟ್ಟಿದವರಲ್ಲ, ಸುಳ್ಳು ಹೇಳಿದವರಲ್ಲ. ನಿಯಮದ ಪುಸ್ತಕ ಒಂದು ಇದ್ದುಬಿಟ್ಟರೆ ಅನ್ನ ನೀರು ಬೇಡ ಅನ್ನೋ ಜಾತಿ.

"ನೋಡೀಮ್ಮಾ, ಚಾವಣಿ ಇದೆ, ಅದಕ್ಕೇ ಅದು ಮೈದಾನ ಅಲ್ಲ. ಗೋಡೆ ಇಲ್ಲ, ಅದಕ್ಕೇ ಅದು ಕೋಣೆ ಅಲ್ಲ. ಅದೂ ಅಲ್ಲ ಇದೂ ಅಲ್ಲ ಅಂದ್ಮೇಲೆ ಅದು ಇಲ್ಲ. ಇಲ್ಲದ್ದನ್ನ ರಿಪೇರಿ ಮಾಡೋದು ಹೇಗೆ?" ಅಂದರು. ಆಮೇಲೆ ಅವಳ ಮುಖ ನೋಡಿ ಕನಿಕರ ಬಂದು, "ಚಿತ್ರ ಬೇಡ, ಸರಿಯಾದ ನಕ್ಷೆ ತನ್ನಿ. ನೋಡೋಣ" ಅಂದರು.

ಸಾಯಂಕಾಲ ಗೆರೆಯಪ್ಪ ಚಪ್ಪಲಿ ಬಿಡುವ ಮೊದಲೇ ಸ್ಲೇಟು ಎದುರಿಗೆ ಬಂತು. "ಮುಖ ಮುಚ್ಚಿಕೊಂಡಿದ್ದು ಸಾಕು. ನಕ್ಷೆ ನೀವೇ ಬರೀರಿ."

ಅವನಿಗೂ ಒಳಗೊಳಗೇ ನಾಚಿಕೆಯಾಗಿತ್ತು. "ಆಯ್ತು ಮಾರಾಯ್ತಿ. ನಾನು ಬರೆದ ನಕ್ಷೆ ಇವತ್ತಿನವರೆಗೂ ವಾಪಸ್ ಬಂದಿಲ್ಲ" ಅಂದ. ಅದು ಜಂಬವಲ್ಲ, ನಿಜ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಾಳೆ ಹಾಸಿಕೊಂಡು ಕೂತ. ಅಳತೆಯನ್ನೆಲ್ಲ ಹೆಂಡತಿ ತಂದಿಟ್ಟಿದ್ದಳು. ಚಾವಣಿಯ ಅಂಚನ್ನು ನಕ್ಷೆಯಲ್ಲಿ ತುಂಡುತುಂಡಾಗಿ, ನಡುನಡುವೆ ಸಂದು ಬಿಟ್ಟು ಎಳೆಯಬೇಕು. ಅದು ತಲೆ ಮೇಲಿರೋದು, ನೆಲದ ಮೇಲಿರೋದಲ್ಲ ಅಂತ ನೋಡಿದವರಿಗೆ ಗೊತ್ತಾಗಲಿ ಅಂತ. ಗೆರೆಯಪ್ಪ ಪೆನ್ಸಿಲಿನಲ್ಲಿ ಹಾಗೇ ಎಳೆದ. ಅದರ ಒಳಗೆ ಒಂದು ಗೇಣು ಬಿಟ್ಟು ಕಲ್ಲುಹಾಸಿನ ಅಂಚನ್ನು ಪೂರ್ತಿಯಾಗಿ ಎಳೆದ. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಇಂಕು ಹಾಕೋದಕ್ಕೆ ಕೂತ, ತಾಯಿ ಬಂದು ಎದುರು ಕುರ್ಚಿಯಲ್ಲಿ ಕೂತಳು.

ತಾಯಿ ಹೇಳುತ್ತಿದ್ದದ್ದು ಪಕ್ಕದ ಮನೆಯವಳ ತಂಗಿಯ ಗಂಡನ ಹಲ್ಲಿನ ಕಥೆ. ಎಡಗಡೆ ಹಲ್ಲು ನೋವು ಅಂತ ಹೋದರೆ ಬಲಗಡೆದು ಕಿತ್ತರಂತೆ. ಅವನು ಮನೆಗೆ ಬಂದು ಕನ್ನಡಿ ನೋಡಿಕೊಂಡ ಮೇಲೇ ಗೊತ್ತಾಯಿತಂತೆ. "ಕೀಳೋವಾಗ ಅವನಾದ್ರೂ ಬಾಯಿ ಬಿಟ್ಟು ಹೇಳಬಾರದಾ? ಬಾಯಿ ಬಿಟ್ಟುಕೊಂಡೇ ಇದ್ದನಲ್ಲ!" ಅಂತ ತಾಯಿ ನಗುತ್ತಿದ್ದಳು. ಗೆರೆಯಪ್ಪ ಹೂಂಗುಟ್ಟುತ್ತಿದ್ದ, ಕೈ ತನ್ನ ಪಾಡಿಗೆ ಓಡುತ್ತಿತ್ತು. ಇಪ್ಪತ್ತು ವರ್ಷದ ಕೈ. ತುಂಡು ಗೆರೆ ಕಂಡಿತು, ಸಂದು ಕಂಡಿತು, ಒಂದೊಂದೇ ಸಂದು ತುಂಬಿಕೊಂಡು ಹೋಯಿತು. ಮಕ್ಕಳು ಬರುವ ದಾರಿಗೆ ಬಿಟ್ಟ ಜಾಗ ಒಂದು ಬಾಯಿ ಬಿಟ್ಟುಕೊಂಡಿತ್ತು. ಅಲ್ಲಿ ಏನು ಹಾಕಬೇಕೋ ಕೈಗೆ ಗೊತ್ತಿತ್ತು, ಹಾಕಿತು, ಪಕ್ಕದಲ್ಲಿ ಅದರ ಅಗಲ ಎತ್ತರವನ್ನೂ ಮುದ್ದಾಗಿ ಬರೆಯಿತು. ಹಲ್ಲಿನ ಕಥೆ ಮುಗಿಯುವ ಹೊತ್ತಿಗೆ ನಕ್ಷೆಯೂ ಮುಗಿದಿತ್ತು. ಗೆರೆಯಪ್ಪ ದೂರ ಹಿಡಿದು ನೋಡಿ, ಎಲ್ಲೂ ಒಂದು ಬಿರುಕಿಲ್ಲ ಅಂತ ತೃಪ್ತಿಪಟ್ಟು ಸುರುಳಿ ಸುತ್ತಿದ. ಹೆಡ್‌ಮಾಸ್ಟರು ಸುರುಳಿ ಬಿಚ್ಚದೇ ಅಂಚಿನಲ್ಲೇ ಸಹಿ ಹಾಕಿದರು.

ವಾರ ತುಂಬೋದರೊಳಗೆ ಪರವಾನಗಿ ಬಂತು! ಅಂಥ ಅವಸರವನ್ನು ಆ ಕಚೇರಿ ಕಂಡೇ ಇರಲಿಲ್ಲ. ಗೆರೆಯಪ್ಪ ಮುದ್ರೆ ಬಿದ್ದ ಹಾಳೆಯನ್ನು ತಾನೇ ಮನೆಗೆ ತಂದು, ಯುದ್ಧ ಗೆದ್ದವನ ಹಾಗೆ ಮೇಜಿನ ಮೇಲೆ ಹಾಸಿದ. ಟೀಚರಮ್ಮ ಕೈ ಒರೆಸಿಕೊಂಡು ಓಡಿ ಬಂದಳು. ಹಾಳೆಯ ಮೇಲೆ ಬಾಗಿದಳು. ಸ್ಲೇಟು ತೆಗೆದುಕೊಂಡು ಬರೆದಳು: "ಸುತ್ತ ಇದೇನು ಜೋಡಿ ಗೆರೆ?"

"ಅಷ್ಟೂ ಗೊತ್ತಿಲ್ವಾ ನಿನಗೆ? ಎಷ್ಟು ವರ್ಷ ಆಯ್ತು ನನ್ನ ಕಟ್ಕೊಂಡು? ಒಂದು ಗೆರೆ ಅಂದ್ರೆ ಅಂಚು. ಹೀಗೆ ಜೋಡಿ ಗೆರೆ, ನಡುವೆ ಒಂದು ಗೇಣು, ಅಂದ್ರೆ ಅದು ಗೋ..."

ಅಲ್ಲಿಗೆ ಮಾತು ನಿಂತಿತು. ಬೆರಳು ಹಾಳೆಯ ಮೇಲೇ ಉಳಿಯಿತು.

"ಗೋಡೆ" ಅಂತ ಮುಗಿಸಿದಳು ತಾಯಿ, ಹಿಂದಿನಿಂದ.

ಟೀಚರಮ್ಮ ಬಳಪದ ತುದಿಯಿಂದ ಇನ್ನೊಂದು ಜಾಗ ತೋರಿಸಿದಳು. "ಅದು ಬಾಗಿಲು" ಅಂದ ಗೆರೆಯಪ್ಪ. ಹಾಳೆಯ ಅಡಿಯಲ್ಲಿ ಕೆಂಪು ಅಕ್ಷರದಲ್ಲಿ ಷರತ್ತು ಇತ್ತು. ನಕ್ಷೆಯಂತೆಯೇ ಕಟ್ಟತಕ್ಕದ್ದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪರವಾನಗಿ ರದ್ದು, ಕಟ್ಟಿದ್ದೆಲ್ಲ ನೆಲಸಮ. ಬಯಲು ಕ್ಲಾಸಿಗೆ ಸುತ್ತ ಗೋಡೆ ಎಬ್ಬಿಸಿ, ಬಾಗಿಲು ಹಾಕಿ, ಅದರ ಮೇಲೆ ಬಯಲು ಕ್ಲಾಸು ಅಂತ ಹೆಸರು ಬರೆಯೋದಕ್ಕೆ ಪರವಾನಗಿ ಸಿಕ್ಕಿತ್ತು. ಈಗ ಅರ್ಥವಾಯಿತು ದೊಡ್ಡ ಸಾಹೇಬರ ಅವಸರ. ಅದು ಕೋಣೆಯಾಗಿಬಿಟ್ಟಿತ್ತಲ್ಲ.

ಟೀಚರಮ್ಮ ಸ್ಲೇಟು ಕೆಳಗಿಟ್ಟು, ಡಾಕ್ಟರ ಮಾತು ಮೀರಿ, ಬಾಯಿ ಬಿಟ್ಟು ಒಂದೇ ಮಾತು ಹೇಳಿದಳು. "ಗೋಡೆ ಬಂದ್ರೆ ಬಂಡೆ ಆಚೆ ಹೋಗುತ್ತೆ."

ಅವಳ ದನಿ ಹರಿದ ಕಾಗದದ ಹಾಗಿತ್ತು. ಆಮೇಲೆ ಸ್ಲೇಟನ್ನು ಒರೆಸಿ, ಕಪಾಟಿನ ಮೇಲಿಟ್ಟು ಒಳಗೆ ಹೋದಳು.

ಅವತ್ತಿನಿಂದ ಸ್ಲೇಟು ಕೆಳಗಿಳಿಯಲಿಲ್ಲ. ಉಪ್ಪು ಕಮ್ಮಿಯೋ ಜಾಸ್ತಿಯೋ ಹೇಳುವವರಿಲ್ಲ. ಈಗ ಗೆರೆಯಪ್ಪನಿಗೆ ಅನುಮಾನಕ್ಕೆ ಜಾಗವೇ ಇರಲಿಲ್ಲ, ಯಾಕೆಂದರೆ ಬರೆಯಬೇಡಿ ಅಂತ ಯಾವ ಡಾಕ್ಟರೂ ಹೇಳಿರಲಿಲ್ಲ. ಹೆಂಡತಿಗೆ ಒಂದು ಉಪಕಾರ ಮಾಡೋಣ ಅಂತ ಹೋಗಿ ಅವಳ ಗಂಟಲಿಗೇ ಗೋಡೆ ಕಟ್ಟಿಬಿಟ್ಟೆನಲ್ಲ ಅಂತ ತನ್ನ ಕೈಯನ್ನೇ ನೋಡಿಕೊಂಡು ಕೂರುತ್ತಿದ್ದ.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ" ಅಂದಳು ತಾಯಿ ತಟ್ಟೆ ಇಡುತ್ತಾ. "ಈ ಮನೇಲಿ ಬಂಗಾರ ಜಾಸ್ತಿ ಆಗಿ ಉಸಿರು ಕಟ್ತಾ ಇದೆ. ಲೋ ಗೆರೆಯಪ್ಪ, ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೆಯಲ್ಲೋ! ಹೋಗಿ ಸಾಹೇಬರ ಕಾಲಿಗಾದ್ರೂ ಬೀಳು."

ಕಾಲಿಗೆ ಬೀಳೋದಕ್ಕೆ ಹೋದರೆ ಸಾಹೇಬರು ಕುರ್ಚಿ ಕೊಟ್ಟರು. "ಬನ್ರೀ ಗೆರೆಯಪ್ಪ. ಆ ಶಾಲೆ ನಕ್ಷೆ ನೀವೇ ಬರೆದಿದ್ದು ಅಂತ ನೋಡಿದ ತಕ್ಷಣ ಗೊತ್ತಾಯ್ತು ಬಿಡಿ. ಎಂಥಾ ಗೆರೆ! ಹಿರಿಯ ನಕ್ಷೆಗಾರರ ಜಾಗಕ್ಕೆ ನಿಮ್ಮ ಹೆಸರೇ ಬರೆದು ಕಳಿಸ್ತಾ ಇದೀನಿ. ಆ ಕಿಟಕಿ ಪಕ್ಕದ ಮೇಜು ನಿಮ್ಮದು ಅಂದ್ಕೊಳ್ಳಿ."

ಆ ಕಿಟಕಿ ಪಕ್ಕದ ಮೇಜಿನ ಮೇಲೆ ಗೆರೆಯಪ್ಪನ ಕಣ್ಣು ಬಿದ್ದು ಹತ್ತು ವರ್ಷವಾಗಿತ್ತು. ಗೆರೆಯ ಮೇಲೆ ಕೈಯ ನೆರಳು ಬೀಳದ ಹಾಗೆ ಬೆಳಕು ಎಡಗಡೆಯಿಂದ ಬರುವ ಮೇಜು ಅದೊಂದೇ. ಆದರೂ ಧೈರ್ಯ ಮಾಡಿ, "ಸಾರ್, ಆ ನಕ್ಷೆಯಲ್ಲಿ ಗೋಡೆ ತಪ್ಪಾಗಿ ಬಂದಿದೆ. ಒಂದು ತಿದ್ದುಪಡಿ..." ಅಂದ.

"ತಿದ್ದುಪಡಿ ಅಂದ್ರೆ ಹೊಸ ಅರ್ಜಿ. ಹೊಸ ಅರ್ಜಿ ಅಂದ್ರೆ ಸಾಲಿನ ಬಾಲ. ಬಾಲ ಮುಂದಿನ ವರ್ಷದಲ್ಲಿದೆ. ಅದೂ ಅಲ್ದೇ, ಗೋಡೆ ತೆಗೆದ್ರೆ ಅದು ಮತ್ತೆ ಇಲ್ಲವಾಗುತ್ತಲ್ರೀ!" ಸಾಹೇಬರಿಗೆ ನಿಜಕ್ಕೂ ಬೇಸರವಾಯಿತು. "ಇರೋ ಹಾಗೆ ಮಾಡೋದಕ್ಕೆ ಎಷ್ಟು ಕಷ್ಟ ಪಟ್ಟಿದೀವಿ. ಹೋಗಿ, ನಮ್ಮ ಪ್ರತಿ ಒಂದ್ಸಲ ನೋಡಿ ಕಡತಕ್ಕೆ ಸೇರಿಸಿ. ಅಳತೆಯೆಲ್ಲ ತುಂಬಿದೆ ತಾನೇ? ನಿಮ್ಮದ್ರಲ್ಲಿ ನೋಡೋದೇನಿದೆ!"

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗೆರೆಯಪ್ಪ ಆ ಹಾಳೆ ಬಿಡಿಸಿಕೊಂಡ. ಕಣ್ಣು ಅಭ್ಯಾಸದಂತೆ ಅಳತೆಗಳ ಮೇಲೆ ಓಡಿತು. ಕಂಬದ ಎತ್ತರ ಇದೆ. ಮೆಟ್ಟಿಲಿನದು ಇದೆ. ಬಾಗಿಲಿನದು, ಏಳಡಿ, ಇದೆ. ಹಾಸಿನ ಅಳತೆಯೇ ಗೋಡೆಯ ಉದ್ದವಾಗಿದೆ, ನಡುವೆ ಬಿಟ್ಟ ಗೇಣೇ ದಪ್ಪವಾಗಿದೆ, ಎತ್ತರ...

ಇನ್ನೊಂದು ಸಲ ನೋಡಿದ. ಎತ್ತರ ಇಲ್ಲ! ಅಲ್ಲ ಸ್ವಾಮಿ, ಗೋಡೆ ಬರೆದಿದ್ದೇ ಗೊತ್ತಿಲ್ಲದವನು ಗೋಡೆಯ ಎತ್ತರ ಎಲ್ಲಿಂದ ಬರೆದಾನು? ಆದರೆ ಗೆರೆಯಪ್ಪನಿಗೆ ಆ ಕ್ಷಣ ಕಂಡದ್ದು ತರ್ಕವಲ್ಲ, ಮಾನ. ಅಳತೆ ಬಿಟ್ಟ ನಕ್ಷೆ! ಅವನ ಕೈಯಿಂದ! ಕಡತ ತೆರೆದವರು ಏನಂದಾರು? ಅವನು ಪೆನ್ನು ತೆಗೆದ. ಮುಚ್ಚಳ ಬಿಚ್ಚಿದ. 'ಹತ್ತು ಅಡಿ' ಅಂತ ಬರೆದರೆ ಮುಗಿಯಿತು, ಯಾರಿಗೂ ತಿಳಿಯೋದಿಲ್ಲ, ಮುದ್ರೆ ಬಿದ್ದ ಹಾಳೆಯಾದರೇನು, ಅಕ್ಷರ ಒಂದೇ ಕೈಯದು. ನಿಬ್ಬಿನ ಮೊನೆ ಕಾಗದಕ್ಕೆ ಮುಟ್ಟುವುದೊಂದು ಬಾಕಿ.

ಆಗ ಹರಿದ ಕಾಗದದಂಥ ಆ ದನಿ ನೆನಪಾಯಿತು. ಗೋಡೆ ಇರಬೇಕು ಅಂತ ನಕ್ಷೆ ಹೇಳುತ್ತದೆ. ಎಷ್ಟೆತ್ತರ ಅಂತ ಹೇಳೋದಿಲ್ಲವಲ್ಲ.

ಬರೆಯದೇ ಇರೋದು ಇಷ್ಟು ಕಷ್ಟ ಅಂತ ಅವನಿಗೆ ಗೊತ್ತಿರಲಿಲ್ಲ. ಖಾಲಿ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಅವನನ್ನೇ ನೋಡುತ್ತಿತ್ತು. ಗೆರೆಯಪ್ಪ ಕಣ್ಣು ಮುಚ್ಚಿಕೊಂಡು ಪೆನ್ನಿಗೆ ಮುಚ್ಚಳ ಹಾಕಿ, ಹಾಳೆ ಮಡಚಿ, ಕಡತಕ್ಕೆ ಸೇರಿಸಿ ದಾರ ಕಟ್ಟಿದ.

ಮನೆಗೆ ಬಂದವನೇ ಕಪಾಟಿನ ಮೇಲಿನ ಸ್ಲೇಟು ಇಳಿಸಿ, ಧೂಳು ಒರೆಸಿ, ಹೆಂಡತಿಯ ಮುಂದಿಟ್ಟ. "ಗೋಡೆ ಎಷ್ಟೆತ್ತರ ಅಂತ ನಾನು ಬರೆದಿಲ್ಲ" ಅಂದ.

ಟೀಚರಮ್ಮ ಅವನ ಮುಖವನ್ನೇ ನೋಡಿದಳು. ಬಳಪ ತೆಗೆದುಕೊಂಡಳು. "ಒಂದು ಇಟ್ಟಿಗೆ ಸಾಕಾ?"

"ಸಾಕು. ಅದೂ ಗೋಡೆನೇ."

ಒರೆಸಿ ಮತ್ತೆ ಬರೆದಳು. "ಬಾಗಿಲು?"

ಗೆರೆಯಪ್ಪ ತಲೆ ತಗ್ಗಿಸಿದ. "ಬಾಗಿಲಿನ ಎತ್ತರ ಬರೆದುಬಿಟ್ಟಿದೀನಿ. ಏಳಡಿ. ಚಿಲಕ ಸಮೇತ."

ತಾಯಿಗೆ ನಗು ತಡೆಯಲಾಗಲಿಲ್ಲ. "ಒಂದು ಇಟ್ಟಿಗೆ ಗೋಡೆ, ಏಳಡಿ ಬಾಗಿಲು! ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ ನೋಡು!" ಅಂತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಟೀಚರಮ್ಮ ನಗಲಿಲ್ಲ. ಇನ್ನೊಂದು ಪ್ರಶ್ನೆ ಬರೆದಳು: "ಸಾಹೇಬರು ಕೇಳಿದರೆ ಏನು ಹೇಳ್ತೀರಿ?"

ಗೆರೆಯಪ್ಪ ಎದ್ದು ಹೋಗಿ ನೀರಿನ ಕೊಡದ ಮುಚ್ಚಳ ಸರಿಮಾಡಿದ. ಸ್ಲೇಟು ಮತ್ತೆ ಕಪಾಟಿನ ಮೇಲೆ ಹೋಯಿತು.

ಕೆಲಸ ಶುರುವಾಯಿತು. ತಗಡು ಬಂತು, ಕಂಬ ನೆಟ್ಟಗಾಯಿತು, ಮೆಟ್ಟಿಲಿಗೆ ಗಾರೆ ಬಿತ್ತು. ಸುತ್ತ ಒಂದೇ ಒಂದು ವರಸೆ ಇಟ್ಟಿಗೆ ಇಡಿ ಅಂದಾಗ ಮೇಸ್ತ್ರಿ ಉಳಿದದ್ದಕ್ಕೆ ನಾಳೆ ಬರಬೇಕಾ ಅಂತ ಕೇಳಿದ. ಉಳಿದದ್ದು ಇಲ್ಲ ಅಂದರು. ಬಡಗಿ ಬಾಗಿಲು ತಂದು, ಚೌಕಟ್ಟಿನ ಕಾಲು ನೆಲದಲ್ಲಿ ಹೂತು, ಕೀಲಿಗೆ ಎಣ್ಣೆ ಬಿಟ್ಟು, "ಯಾವ ಕಡೆಯಿಂದ ಚಿಲಕ?" ಅಂತ ಕೇಳಿದಾಗ ಹೆಡ್‌ಮಾಸ್ಟರು ನಕ್ಷೆ ತಿರುಗಿಸಿ ತಿರುಗಿಸಿ ನೋಡಿ "ಒಳಗಿಂದ" ಅಂದರು. ಒಳಗೆ ಯಾವುದು ಅಂತ ಬಡಗಿ ಸುತ್ತ ನೋಡಿದ. ಅಂತೂ ಬಯಲಲ್ಲಿ ಒಂದು ಬಾಗಿಲು ಎದ್ದು ನಿಂತಿತು. ಅಕ್ಕಪಕ್ಕ ಪಾದದಷ್ಟು ಗೋಡೆ, ಅದರಾಚೆ ಆಕಾಶ.

ರಜೆ ಮುಗಿದು ಶಾಲೆ ಶುರುವಾದ ದಿನವೇ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಅಳತೆ ಟೇಪು ಹಿಡಿಯೋದಕ್ಕೆ ಗೆರೆಯಪ್ಪನೇ ಜೊತೆಗೆ. ನಾಲ್ಕನೇ ಕ್ಲಾಸಿನ ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದರು. ಅತಿಥಿಗಳಿಗೆ ಜಾಗವಾಗಲಿ ಅಂತ ಟೀಚರಮ್ಮ ಕಟ್ಟೆ ಬಿಟ್ಟು ಮೇಲಿನ ಕೊನೇ ಮೆಟ್ಟಿಲಿಗೆ ಹೋಗಿ ನಿಂತಳು. ಹೆಡ್‌ಮಾಸ್ಟರು ಮಾತ್ರ ದೂರದ ಮರದ ಕೆಳಗೇ ಉಳಿದರು.

ಒಂದು ಕಾಲೆತ್ತಿ ಇಟ್ಟರೆ ಸಾಹೇಬರು ಎಲ್ಲಿಂದ ಬೇಕಾದರೂ ಒಳಗೆ ಬರಬಹುದಿತ್ತು. ಆದರೆ ಅವರು ನಕ್ಷೆ ನೋಡಿದರು, ಬಾಗಿಲ ಮುಂದೆ ಹೋಗಿ ನಿಂತರು, ಕೆಮ್ಮಿದರು. ಒಂದು ಮಗು ಓಡಿ ಹೋಗಿ ಚಿಲಕ ತೆಗೆಯಿತು. ಸಾಹೇಬರು ತಲೆ ಕೊಂಚ ಬಗ್ಗಿಸಿ ಒಳಗೆ ಬಂದರು. ಬಾಗಿಲು ಅಳೆದರು, ಸರಿ. ಕಂಬ ಅಳೆದರು, ಸರಿ. ಮೆಟ್ಟಿಲು ಸರಿ. ಕಟ್ಟೆಯ ಮೇಲೆ ಬಂದು ನಿಂತು, "ಗೋಡೆ ಎಲ್ರೀ?" ಅಂದರು.

"ಇದೇ ಸಾರ್" ಅಂತ ಗೆರೆಯಪ್ಪ ಅವರ ಬೂಟಿನ ಪಕ್ಕ ತೋರಿಸಿದ.

"ಇದು ಗೋಡೆನಾ?"

"ನಕ್ಷೆಯಲ್ಲಿರೋ ಕಡೆನೇ ಇದೆ ಸಾರ್. ಉದ್ದ ಸರಿ ಇದೆ. ದಪ್ಪ ಸರಿ ಇದೆ."

"ಎತ್ತರ?"

"ಕೊಟ್ಟಿಲ್ಲ ಸಾರ್."

ಸಾಹೇಬರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಹಿಂದೆ ತಿರುಗಿಸಿ ನೋಡಿದರು. ಮುಖ ಸಣ್ಣದಾಯಿತು. ತಾವು ಕಾಲೇಜಿಗೆ ಕಳಿಸಿದ ಮಗ ಫೇಲಾದ ಅಂತ ಕೇಳಿದವರ ಹಾಗೆ, ತಗ್ಗಿದ ದನಿಯಲ್ಲಿ, "ನೀವು... ಅಳತೆ ಮರೆತ್ರಾ?" ಅಂತ ಕೇಳಿದರು.

ಹೌದು, ಮರೆತೆ ಅಂದರೆ ಸಾಕಾಗಿತ್ತು. ಮರೆವು ಯಾರಿಗಿಲ್ಲ? ಕಿಟಕಿ ಪಕ್ಕದ ಮೇಜು ಕೂಡ ಉಳಿಯುತ್ತಿತ್ತೇನೋ. ಗೆರೆಯಪ್ಪ ಯಾರಿಗೂ ಕೇಳಿಸದ ಹಾಗೆ, ಸಾಹೇಬರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ. "ಬರೆಯೋವಾಗ ಮರೆತೆ ಸಾರ್. ಕಡತಕ್ಕೆ ಸೇರಿಸೋವಾಗ ಕಂಡಿತು. ಪೆನ್ನು ಕೈಯಲ್ಲೇ ಇತ್ತು. ಬೇಕು ಅಂತಲೇ ಬರೀಲಿಲ್ಲ. ಗೋಡೆ ಎದ್ರೆ ನನ್ನ ಹೆಂಡ್ತಿ ದನಿ ಹೋಗುತ್ತೆ ಸಾರ್."

ಯಾರಿಗೂ ಕೇಳಿಸಬಾರದು ಅಂತ ಪಿಸುಗುಟ್ಟಿದ್ದೇನೋ ಸರಿ. ಆದರೆ ನಿಂತಿದ್ದು ಎಲ್ಲಿ? ಬಂಡೆಯ ಮುಂದೆ! ಗೋಡೆಗೆ ಕಿವಿ ಇರುತ್ತೆ ಅಂತಾರೆ, ಈ ಬಂಡೆಗೆ ಬಾಯಿಯೇ ಇತ್ತು. ಪ್ರತಿಯೊಂದು ಅಕ್ಷರವೂ ಮೆಟ್ಟಿಲು ಹತ್ತಿ ಕೊನೆಯವರೆಗೂ ಹೋಯಿತು. ಮಕ್ಕಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿ ಟೀಚರನ್ನು ನೋಡಿದರು. ಟೀಚರಮ್ಮ ಆಕಾಶ ನೋಡುತ್ತಿದ್ದಳು.

ಸಾಹೇಬರು ನಕ್ಷೆಯನ್ನು ಇನ್ನೊಂದು ಸಲ ಅಂಚಿಂದ ಅಂಚಿಗೆ ಓದಿದರು. ನಕ್ಷೆಯಂತೆ ಇಲ್ಲ ಅನ್ನೋದಕ್ಕೆ ನಿಯಮದಲ್ಲಿ ದಾರಿ ಇರಲಿಲ್ಲ. ನಿಯಮ ಬಿಟ್ಟು ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಪೆನ್ನು ತೆಗೆದು 'ನಕ್ಷೆಯಂತೆಯೇ ಇದೆ' ಅಂತ ಬರೆದು ಸಹಿ ಹಾಕಿದರು. ಪೆನ್ನು ಜೇಬಿಗಿಡುತ್ತಾ, "ಆ ಮೇಜಿನ ವಿಷಯ ಮರೆತುಬಿಡಿ" ಅಂದರು. ಅದೂ ಎಲ್ಲರಿಗೂ ಕೇಳಿಸಿತು.

ಹೋಗುವಾಗಲೂ ಸಾಹೇಬರು ಬಾಗಿಲಿಂದಲೇ ಹೋದರು. ಗೇಟು ಇದ್ದದ್ದು ಇನ್ನೊಂದು ಕಡೆಗೆ. ಸುತ್ತಿಕೊಂಡು ಹೋದರು.

ಗೆರೆಯಪ್ಪ ಅವರನ್ನು ಗೇಟಿನವರೆಗೆ ಬಿಟ್ಟು ವಾಪಸ್ ಬಂದ. ಟೇಪನ್ನು ಅಲ್ಲೇ ಬಿಟ್ಟಿದ್ದೇನೆ ಅನ್ನೋದು ನೆಪ. ಅಷ್ಟರಲ್ಲಿ ಟೀಚರಮ್ಮ ಕಟ್ಟೆಗಿಳಿದು ಪಾಠ ಶುರು ಮಾಡಿದ್ದಳು. ಗೋಡೆಯ ಆಚೆ ನಿಂತವನಿಗೂ ಆ ದನಿ ಕೇಳಿಸಿತು. ತಗ್ಗಿದ ದನಿ, ಬಿರುಕಿಲ್ಲದ ದನಿ. ಮೋಡ ಹೇಗಾಗುತ್ತೆ ಅಂತ ಹೇಳುತ್ತಿದ್ದಳು. ಎಷ್ಟು ದಿನವಾಗಿತ್ತು ಆ ದನಿ ಕೇಳಿ!

ಇಟ್ಟಿಗೆ ದಾಟಿ ಒಳಗೆ ಹೋಗೋದಕ್ಕೆ ಕಾಲೆತ್ತಿದ. ಕಾಲು ಹಾಗೇ ಕೆಳಗಿಳಿಸಿದ. ಸುತ್ತು ಹಾಕಿ ಬಾಗಿಲ ಮುಂದೆ ಹೋಗಿ ನಿಂತು, ಅಂಗಿಯ ಗುಂಡಿ ಸರಿಮಾಡಿಕೊಂಡು, ಬಾಗಿಲು ತಟ್ಟಿದ.

ಪಾಠ ನಿಂತಿತು. ಬಾಗಿಲಿನ ಎರಡೂ ಪಕ್ಕದಿಂದ ಅವನು ಎಲ್ಲರಿಗೂ ಅರ್ಧರ್ಧ ಕಾಣುತ್ತಿದ್ದ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು.

"ಯಾರು?" ಅಂದಳು ಟೀಚರಮ್ಮ, ಅವನನ್ನೇ ನೋಡುತ್ತಾ.

"ನಾನು."

"ನಾನು ಅಂದ್ರೆ ಯಾರು?"

"ಅಳತೆ ಬರೆಯದೇ ಇದ್ದೋನು."

ಮಕ್ಕಳು ಕಿಸಕ್ಕೆಂದರು. ಟೀಚರಮ್ಮ ಅವನನ್ನು ಕೊಂಚ ಹೊತ್ತು ಕಾಯಿಸಿದಳು. ಇಷ್ಟು ದಿನ ಕಪಾಟಿನ ಮೇಲೆ ಕೂತ ಸ್ಲೇಟಿಗೆ ಅಷ್ಟಾದರೂ ಬೇಡವೇ?

"ಒಳಗೆ ಬನ್ನಿ" ಅಂದಳು ಕೊನೆಗೆ. "ಬಾಗಿಲು ಹಾಕ್ಕೊಂಡು ಬನ್ರೀ, ಗಾಳಿ ಬರುತ್ತೆ."

ಗೆರೆಯಪ್ಪ ಒಳಗೆ ಬಂದು, ಹಿಂದಿರುಗಿ ಬಾಗಿಲು ಹಾಕಿ, ಚಿಲಕ ಇಟ್ಟು, ಕೊನೇ ಮೆಟ್ಟಿಲಿಗೆ ಹೋಗಿ ಮಕ್ಕಳ ಪಕ್ಕ ಕೂತ.